ಸಾಮಾನು ಕಾಯುವವನು ಕಂಡ ಫುಜಿಕ್ಯೂ ಹೈಲ್ಯಾಂಡ್

ಪ್ರವಾಸಕ್ಕೆ ಹತ್ತು ದಿನ ಇರುವಾಗಲೇ ನನ್ನ ಮೇಜಿನ ಮೇಲೆ ಎಂಟು ಪುಟಗಳ ಪುಟ್ಟ ಪುಸ್ತಿಕೆಯೊಂದು ಬಂದು ಕೂತಿತ್ತು. ಮೊದಲ ಪುಟದಲ್ಲಿ ಕೈಯಲ್ಲೇ ಬಿಡಿಸಿದ ಫುಜಿ ಪರ್ವತದ ಚಿತ್ರವಿತ್ತು; ಎರಡನೆಯದರಲ್ಲಿ ಬೆಳಗಿನ ಆರೂ ಐವತ್ತರಿಂದ ರಾತ್ರಿ ಎಂಟರವರೆಗಿನ ವೇಳಾಪಟ್ಟಿ, ಮೂರನೆಯದರಲ್ಲಿ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬ ನಕ್ಷೆ, ನಾಲ್ಕನೆಯದರಲ್ಲಿ ಯಾರ ಮೇಲೆ ಯಾವ ಹೊಣೆಯೆಂಬ ಪಟ್ಟಿ. ಆ ಪಟ್ಟಿಯ ಕೊನೆಯ ಸಾಲಿನಲ್ಲಿ ನನ್ನ ಹೆಸರಿತ್ತು, ಅದರ ಎದುರು ‘ನಿಮೊತ್ಸುಬಾನ್’ ಎಂದು ಅಚ್ಚಾಗಿತ್ತು. ನಿಮೊತ್ಸು ಎಂದರೆ ಗಂಟುಮೂಟೆ, ಬಾನ್ ಎಂದರೆ ಕಾವಲು. ಮೋಜಿನ ಉದ್ಯಾನಕ್ಕೆ ಹೊರಟ ಇಪ್ಪತ್ತನಾಲ್ಕು ಜನರಲ್ಲಿ ನಾನು ಮೂಟೆ ಕಾಯುವವನು.

ಇದು ಅವಮಾನವೇನೂ ಅಲ್ಲ, ನಾನೇ ಬೇಡಿ ಪಡೆದದ್ದು. ಟೋಕಿಯೊದ ನಮ್ಮ ಕಚೇರಿಯಲ್ಲಿ ಪ್ರತಿ ಶರತ್ಕಾಲದಲ್ಲಿ ವಿಭಾಗದವರೆಲ್ಲ ಸೇರಿ ಒಂದು ದಿನದ ಪ್ರವಾಸ ಹೋಗುವ ರೂಢಿಯಿದೆ. ಅದನ್ನು ಸಂಘಟಿಸುವ ಹೊಣೆ ಹೊತ್ತವರನ್ನು ‘ಕಾಂಜಿ’ ಎನ್ನುತ್ತಾರೆ. ಜಪಾನಿನ ಚಿತ್ರಲಿಪಿಗೂ ಕಾಂಜಿ ಎಂದೇ ಹೆಸರಿರುವುದರಿಂದ, ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ‘ಈ ಸಲ ಕಾಂಜಿ ಯಾರು?’ ಎಂದು ಯಾರೋ ಕೇಳಿದಾಗ ಇದೇನೋ ಲಿಪಿಯ ಪರೀಕ್ಷೆಯಿರಬೇಕೆಂದು ಹೆದರಿದ್ದೆ. ಬಸ್ಸು ಗೊತ್ತುಮಾಡುವುದು, ತಲೆಗೆ ಇಷ್ಟೆಂದು ಹಣ ಕೂಡಿಸುವುದು, ‘ಶಿಓರಿ’ ಎಂದು ಕರೆಯುವ ಈ ಪುಸ್ತಿಕೆಯನ್ನು ಸಿದ್ಧಪಡಿಸುವುದು, ಬಸ್ಸು ಹೊರಡುವ ಮೊದಲು ಮೂರು ಸಲ ತಲೆ ಎಣಿಸುವುದು, ಇವೆಲ್ಲವೂ ಕಾಂಜಿಯ ಪಾಲಿಗೆ. ಈ ಸಲದ ಕಾಂಜಿ ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯಾಡುವ ಸಹೋದ್ಯೋಗಿ. ‘ಎಲ್ಲಿಗೆ?’ ಎಂಬ ಮತದಾನದಲ್ಲಿ ಕಿರಿಯರ ಸಂಖ್ಯಾಬಲದಿಂದ ಫುಜಿಕ್ಯೂ ಹೈಲ್ಯಾಂಡ್ ಎಂಬ ಮೋಜಿನ ಉದ್ಯಾನ ಗೆದ್ದಿತು ಎಂದು ಅವರು ಘೋಷಿಸಿದ ದಿನವೇ ನಾನು ಅವರ ಬಳಿ ಹೋಗಿ, ಜೆಟ್ ಕೋಸ್ಟರ್ (ಏರಿಳಿವ ಹಳಿಗಳ ಮೇಲೆ ಧಾವಿಸುವ ರೋಲರ್ ಕೋಸ್ಟರ್ ಬಂಡಿಗೆ ಇಲ್ಲಿನ ಹೆಸರು) ನನಗೆ ‘ನಿಗಾತೆ’ ಎಂದು ಹೇಳಿಬಿಟ್ಟೆ. ನಿಗಾತೆ ಎಂಬ ಪದಕ್ಕೆ ಕನ್ನಡದಲ್ಲಿ ಸರಿಸಾಟಿ ಸಿಗುವುದು ಕಷ್ಟ. ಭಯ ಎಂದೂ ಅಲ್ಲ, ಇಷ್ಟವಿಲ್ಲ ಎಂದೂ ಅಲ್ಲ, ‘ನನಗೂ ಅದಕ್ಕೂ ಆಗಿಬರುವುದಿಲ್ಲ’ ಎಂಬಂಥ ಮಾತು. ಅದನ್ನು ಹೇಳಿದ ಮೇಲೆ ಈ ದೇಶದಲ್ಲಿ ಯಾರೂ ಕೈ ಹಿಡಿದು ಎಳೆಯುವುದಿಲ್ಲ, ‘ಒಂದು ಸಲ ಹತ್ತಿ ನೋಡಪ್ಪ, ಏನೂ ಆಗುವುದಿಲ್ಲ’ ಎಂದು ಪುಸಲಾಯಿಸುವುದೂ ಇಲ್ಲ. ಕಾಂಜಿ ತಲೆಯಾಡಿಸಿ, ಕಿಸೆಯಿಂದ ಚಿಕ್ಕ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡರು.

2024ರ ನವೆಂಬರ್ ನಡುವಿನ ಒಂದು ಶನಿವಾರ ಟೋಕಿಯೊದ ಶಿಂಜುಕುವಿನಿಂದ ನಮ್ಮ ಬಸ್ಸು ಹೊರಟಿತು. ಆರೂ ಐವತ್ತಕ್ಕೆ ಸೇರಬೇಕೆಂದಿದ್ದರೆ ಆರೂ ನಲವತ್ತೈದಕ್ಕೇ ಇಪ್ಪತ್ತನಾಲ್ಕೂ ತಲೆಗಳು ಅಲ್ಲಿದ್ದವು. ಚೂಓ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ, ಓತ್ಸುಕಿಯ ಬಳಿ ಎಡಕ್ಕೆ ಕವಲೊಡೆದು ಯಾಮಾನಾಶಿ ಪ್ರಾಂತ್ಯದ ಫುಜಿಯೋಶಿದಾ ಊರಿನ ಕಡೆಗೆ ಏರುವ ದಾರಿ ಇದು. ದಟ್ಟಣೆಯಿಲ್ಲದಿದ್ದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆಯ ಪಯಣ. ದಂಗೊಝಾಕಾ ಎಂಬ ತಂಗುತಾಣದಲ್ಲಿ ಹದಿನೈದು ನಿಮಿಷ ನಿಂತಾಗ ಎಲ್ಲರೂ ಬಿಸಿ ಕಾಫಿಯ ಡಬ್ಬಿ ಹಿಡಿದು ಆಕಾಶವನ್ನೇ ನೋಡುತ್ತಿದ್ದರು, ಏಕೆಂದರೆ ಮೋಡವಿದ್ದರೆ ಈ ಪ್ರವಾಸದ ಅರ್ಧ ಸೊಗಸು ಹೋದಂತೆಯೇ.

ಮೋಡವಿರಲಿಲ್ಲ. ಓತ್ಸುಕಿ ದಾಟಿ ಸ್ವಲ್ಪ ಹೊತ್ತಿಗೆ ರಸ್ತೆಯ ನೇರಕ್ಕೆ, ಯಾರೋ ತೆರೆ ಸರಿಸಿದಂತೆ, ಫುಜಿ ನಿಂತಿತ್ತು. ಆ ವರ್ಷ ಫುಜಿಯ ಮೇಲೆ ಮೊದಲ ಹಿಮ ಕಾಣಿಸಿಕೊಂಡದ್ದು ನವೆಂಬರ್ 7ರಂದು. 1894ರಲ್ಲಿ ದಾಖಲೆ ಇಡಲು ತೊಡಗಿದಾಗಿನಿಂದ ಅಷ್ಟು ತಡವಾಗಿ ಹಿಮ ಬಿದ್ದದ್ದೇ ಇಲ್ಲವೆಂದು ಪತ್ರಿಕೆಗಳೆಲ್ಲ ಬರೆದಿದ್ದವು. ಸಾಮಾನ್ಯವಾಗಿ ಅಕ್ಟೋಬರ್ ಆರಂಭದಲ್ಲೇ ಅದು ಬಿಳಿ ತೊಡುತ್ತದೆ. ಹೀಗಾಗಿ ನಾವು ಕಂಡದ್ದು ತುದಿಗೆ ಹಿಟ್ಟು ಚಿಮುಕಿಸಿದಂತಿದ್ದ ತೆಳುವಾದ ಬಿಳುಪನ್ನು ಮಾತ್ರ. ಆದರೂ ಬಸ್ಸಿನಲ್ಲಿ ಎಲ್ಲರೂ ಒಟ್ಟಾಗಿ ‘ಓಓ’ ಎಂದರು. ಪ್ರತಿ ತಿಂಗಳು ಕಚೇರಿಯ ಕಿಟಕಿಯಿಂದ ಅದೇ ಪರ್ವತವನ್ನು ದೂರದಿಂದ ನೋಡುವವರು ಇವರು! 3,776 ಮೀಟರ್ ಎತ್ತರದ ಆ ಶಂಕುವಿನ ಮುಂದೆ, ಅದರ ಪಾದಕ್ಕೆ ಯಾರೋ ಎಳೆದ ಗೀಚುಗೆರೆಯಂತೆ, ಉಕ್ಕಿನ ಹಳಿಗಳ ಸುರುಳಿ ಕಂಡಿತು. ಅದೇ ಫುಜಿಕ್ಯೂ.

ಫುಜಿಕ್ಯೂ ಎಂಬುದು ಈ ಭಾಗದಲ್ಲಿ ರೈಲು, ಬಸ್ಸುಗಳನ್ನು ಓಡಿಸುವ ಫುಜಿ ಕ್ಯೂಕೋ ಎಂಬ ಸಂಸ್ಥೆಯ ಹೆಸರಿನ ಹ್ರಸ್ವರೂಪ. ಇಂಗ್ಲಿಷಿನಲ್ಲಿ ಬರೆಯುವಾಗ ‘ಕ್ಯೂ’ ಎಂಬ ಒಂಟಿ ಅಕ್ಷರವನ್ನೇ ಇಟ್ಟುಬಿಡುತ್ತಾರೆ. ದಿನವಿಡೀ ಸಾಲುಗಳನ್ನು ನೋಡುತ್ತ ಕೂತವನಿಗೆ ಅದು ಸಾಲು ಎಂಬ ಅರ್ಥದ ‘ಕ್ಯೂ’ವೇ ಎನ್ನಿಸಿದ್ದರೆ ತಪ್ಪಲ್ಲ. ಸಾಮಾನು ಕಾಯುವವನಿಗೆ ಈ ಉದ್ಯಾನ ಬಲು ಅನುಕೂಲದ್ದು. 2018ರ ಜುಲೈಯಿಂದ ಇಲ್ಲಿ ಪ್ರವೇಶ ಶುಲ್ಕವಿಲ್ಲ. ಒಂದೊಂದು ಆಟಕ್ಕೆ ಬೇರೆ ಬೇರೆಯಾಗಿ ಕೊಡಬಹುದು, ಇಲ್ಲವೇ ಇಡೀ ದಿನದ ಪಾಸು ಕೊಳ್ಳಬಹುದು. ಹತ್ತುವ ಯೋಚನೆಯೇ ಇಲ್ಲದವನು ಒಂದು ಯೆನ್ ಕೊಡದೆ ಒಳಗೆ ಹೋಗಿ, ಸಂಜೆಯವರೆಗೆ ಬೆಂಚಿನ ಮೇಲೆ ಕೂತು, ಹಾಗೆಯೇ ಹೊರಗೆ ಬರಬಹುದು. ನಮ್ಮವರಲ್ಲಿ ಇಪ್ಪತ್ತೊಂದು ಜನ ಪಾಸು ಕೊಂಡರು. ಕಾಂಜಿ ಅವರನ್ನೆಲ್ಲ ನಾಲ್ಕು ಗುಂಪು ಮಾಡಿ, ಯಾವ ಗುಂಪು ಯಾವ ಸಾಲಿಗೆ ಮೊದಲು ಓಡಬೇಕೆಂದು ಪುಸ್ತಿಕೆ ನೋಡಿ ಹೇಳಿದರು. ಐದು ನಿಮಿಷದಲ್ಲಿ ಎಲ್ಲರೂ ಕಣ್ಮರೆಯಾದರು. ಬೆಂಚಿನ ಮೇಲೂ ಕೆಳಗೂ ಹತ್ತೊಂಬತ್ತು ಚೀಲಗಳು, ಮೂರು ಛತ್ರಿಗಳು ಮತ್ತು ನಾವಿಬ್ಬರು ಉಳಿದೆವು.

ನಾವಿಬ್ಬರು ಎಂದರೆ ನಾನು ಮತ್ತು ನಮ್ಮ ವಿಭಾಗದ ಅತಿ ಹಿರಿಯರು. ನಿವೃತ್ತಿಯ ನಂತರವೂ ವರ್ಷ ವರ್ಷ ಕರಾರು ನವೀಕರಿಸಿಕೊಂಡು ಕೆಲಸಕ್ಕೆ ಬರುವ ಅವರಿಗೆ ಆಗ 68 ವರ್ಷ. ಅವರು ನಿಮೊತ್ಸುಬಾನ್ ಆದದ್ದು ನನ್ನ ಹಾಗೆ ಅಂಜಿಕೆಯಿಂದಲ್ಲ. ಇಲ್ಲಿನ ದೊಡ್ಡ ಕೋಸ್ಟರ್‌ಗಳಿಗೆ ಎತ್ತರದ ಕೆಳಮಿತಿ ಇರುವಂತೆಯೇ ವಯಸ್ಸಿನ ಮೇಲ್ಮಿತಿಯೂ ಇದೆ. ಅವರು ಆ ಗೆರೆಯನ್ನು ದಾಟಿದ್ದರು.

‘ನಾನು ಫುಜಿಯಾಮಾ ಹತ್ತಿದ್ದೇನೆ’ ಎಂದು ಅವರು ಕೂತ ಸ್ವಲ್ಪ ಹೊತ್ತಿಗೆ, ಕೇಳದೆಯೇ, ಹೇಳಿದರು. ‘ಅದು ಶುರುವಾದ ವರ್ಷವೇ. ಅದೂ ಕಚೇರಿಯ ಪ್ರವಾಸದಲ್ಲೇ.’

ಫುಜಿಯಾಮಾ ಶುರುವಾದದ್ದು 1996ರಲ್ಲಿ. 79 ಮೀಟರ್ ಎತ್ತರ, 70 ಮೀಟರಿನ ಮೊದಲ ಇಳಿತ, ಎರಡು ಕಿಲೋಮೀಟರಿಗೂ ಉದ್ದದ ಹಳಿ. ಆಗ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ರೋಲರ್ ಕೋಸ್ಟರ್ ಇರಲಿಲ್ಲ. ಹಿರಿಯರಿಗೆ ಆಗ ನಲವತ್ತು. ಆ ಹೆಸರಿನಲ್ಲೇ ಒಂದು ತಮಾಷೆಯಿದೆ ಎಂದು ಅವರು ವಿವರಿಸಿದರು. ಜಪಾನೀಯರು ತಮ್ಮ ಪರ್ವತವನ್ನು ಫುಜಿಸಾನ್ ಎನ್ನುತ್ತಾರೆಯೇ ಹೊರತು ಫುಜಿಯಾಮಾ ಎನ್ನುವುದಿಲ್ಲ. ಬೆಟ್ಟ ಎಂಬ ಅರ್ಥದ ಒಂದೇ ಅಕ್ಷರವನ್ನು ಸಾನ್ ಎಂದೂ ಯಾಮಾ ಎಂದೂ ಓದಬಹುದಾದ್ದರಿಂದ ಹೊರನಾಡಿನವರು ಫುಜಿಯಾಮಾ ಎಂದು ತಪ್ಪಾಗಿ ಓದಿ ಅದೇ ರೂಢಿಯಾಯಿತು. ಆ ಪರಕೀಯರ ತಪ್ಪನ್ನೇ ಇವರು ಕೋಸ್ಟರ್‌ಗೆ ಹೆಸರಾಗಿ ಇಟ್ಟುಕೊಂಡಿದ್ದಾರೆ. ನಾನೂ ಬಹಳ ದಿನ ಫುಜಿಸಾನ್ ಎಂಬುದರ ‘ಸಾನ್’ ಎಂದರೆ ಮನುಷ್ಯರಿಗೆ ಸೇರಿಸುವ ಗೌರವಸೂಚಕ, ಫುಜಿಯವರು ಎಂದಂತೆ, ಎಂದೇ ತಿಳಿದಿದ್ದೆ. ಅದನ್ನು ಹೇಳಿದಾಗ ಹಿರಿಯರು ಕಾಫಿ ಚೆಲ್ಲುವಷ್ಟು ನಕ್ಕರು.

ನಮ್ಮ ಬೆಂಚು ಫುಜಿಯಾಮಾದ ಏರುಹಳಿ ಕಾಣುವ ಜಾಗದಲ್ಲಿತ್ತು. ಒಂದೇ ಯಂತ್ರವನ್ನು ಮೂರು ಗಂಟೆ ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. ಮೊದಲು ಸರಪಳಿಯ ಸದ್ದು ಬರುತ್ತದೆ. ಬಂಡಿ ಏರುವಾಗ ಹಿಂದಕ್ಕೆ ಜಾರದಂತೆ ಅದರ ಅಡಿಯ ಕೊಂಡಿ ಹಳಿಯ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಟಕ್ ಟಕ್ ಅದು. ಏರುವವರು ಆಗ ಮಾತಾಡುತ್ತಿರುತ್ತಾರೆ, ಕೆಳಗಿನವರಿಗೆ ಕೈ ಬೀಸುತ್ತಿರುತ್ತಾರೆ. ಮುಕ್ಕಾಲು ಭಾಗ ಏರುವ ಹೊತ್ತಿಗೆ ಕೈಗಳು ಒಂದೊಂದಾಗಿ ಒಳಕ್ಕೆ ಹೋಗುತ್ತವೆ. ತುದಿಯಲ್ಲಿ ಟಕ್ ಟಕ್ ನಿಲ್ಲುತ್ತದೆ, ಒಂದೆರಡು ಉಸಿರಿನಷ್ಟು ಹೊತ್ತು ಏನೂ ಕೇಳಿಸುವುದಿಲ್ಲ. ಆಮೇಲೆ ಕೂಗು. ಗಾಳಿ ನಮ್ಮ ಕಡೆಗಿದ್ದರೆ ಕೂಗು ಬಂಡಿಗಿಂತ ಮೊದಲೇ ಬಂತೆನ್ನಿಸುತ್ತಿತ್ತು. ಇಂಥವುಗಳಿಗೆ ಜಪಾನಿಯಲ್ಲಿ ‘ಚೀರಾಟದ ಯಂತ್ರ’ ಎಂದೇ ಹೆಸರಿದೆ. ಅದಕ್ಕಿಂತ ಪ್ರಾಮಾಣಿಕವಾದ ಹೆಸರನ್ನು ನಾನು ಕೇಳಿಲ್ಲ.

ಅಷ್ಟೆಲ್ಲ ನೋಡಿದ ಮೇಲೆ ಎಂಜಿನಿಯರನ ಕೈ ಸುಮ್ಮನಿರುವುದಿಲ್ಲ. ಪುಸ್ತಿಕೆಯ ಹಿಂಬದಿಯಲ್ಲಿ ಶಾಲೆಯ ಲೆಕ್ಕ ಮಾಡಿದೆ. ನಿಂತಲ್ಲಿಂದ 70 ಮೀಟರ್ ಕೆಳಕ್ಕೆ ಬಿದ್ದ ವಸ್ತು, ಯಾವ ತಡೆಯೂ ಇಲ್ಲದಿದ್ದರೆ, ಸೆಕೆಂಡಿಗೆ 37 ಮೀಟರ್, ಅಂದರೆ ಗಂಟೆಗೆ ಸುಮಾರು 133 ಕಿಲೋಮೀಟರ್ ವೇಗ ಪಡೆಯಬೇಕು. ಫುಜಿಯಾಮಾದ ಗರಿಷ್ಠ ವೇಗ ಗಂಟೆಗೆ 130 ಕಿಲೋಮೀಟರ್. ಇಷ್ಟು ಭಾರದ ಬಂಡಿಯಿಂದ ಆ ಇಳಿತದಲ್ಲಿ ಗಾಳಿಯೂ ಗಾಲಿಯ ಘರ್ಷಣೆಯೂ ಕಸಿದುಕೊಳ್ಳುವುದು ಬರೀ ಮೂರು ನಾಲ್ಕು ಕಿಲೋಮೀಟರ್! ಅಂದರೆ ಹತ್ತಿದವರು ಹೆಚ್ಚುಕಡಿಮೆ ಕೈಬಿಟ್ಟ ಕಲ್ಲಿನಂತೆಯೇ ಬೀಳುತ್ತಿದ್ದಾರೆ. ಈ ಲೆಕ್ಕದಿಂದ ನನ್ನ ನಿಗಾತೆ ಇನ್ನಷ್ಟು ಗಟ್ಟಿಯಾಯಿತು.

ಹಿರಿಯರಿಗೆ ಲೆಕ್ಕಕ್ಕಿಂತ ಹೆಸರುಗಳ ಮೇಲೆ ಪ್ರೀತಿ. 2011ರಲ್ಲಿ ಬಂದ ತಕಾಬಿಶಾ ಎಂಬ ಕೋಸ್ಟರ್ ಜಗತ್ತಿನಲ್ಲೇ ಅತಿ ಕಡಿದಾದ ಇಳಿತವುಳ್ಳದ್ದೆಂದು ಗಿನ್ನೆಸ್ ದಾಖಲೆ ಪಡೆದಿತ್ತು. ಅದರ ಕೋನ 121 ಡಿಗ್ರಿ. 90 ಡಿಗ್ರಿ ಎಂದರೆ ಗೋಡೆಯಂತೆ ನೆಟ್ಟಗೆ. 121 ಎಂದರೆ ಗೋಡೆ ನಮ್ಮ ಮೇಲೇ ಬಾಗಿ, ಬಂಡಿ ಒಳಮಡಚಿಗೆ ಬೀಳುತ್ತದೆ. ಬೀಳುವ ಮೊದಲು ಅದು ತುದಿಯಲ್ಲಿ ತಲೆ ಬಗ್ಗಿಸಿ ಕ್ಷಣಕಾಲ ತಡೆದು ನಿಲ್ಲುವುದನ್ನು ಕೆಳಗಿನಿಂದ ನೋಡಿಯೇ ನನ್ನ ಅಂಗಾಲು ಬೆವರಿತು. ತಕಾಬಿಶಾ ಎಂದರೆ ದರ್ಪದ, ದಬ್ಬಾಳಿಕೆಯ ಎಂದರ್ಥ. ಆ ಮಾತು ಹುಟ್ಟಿದ್ದು ಶೋಗಿ ಎಂಬ ಜಪಾನೀ ಚದುರಂಗದಿಂದಂತೆ. ಅಲ್ಲಿ ನಮ್ಮ ಆನೆಯಂತೆ ನೇರಕ್ಕೆ ನಡೆಯುವ ಕಾಯಿಗೆ ‘ಹಾರುವ ರಥ’ ಎಂದು ಹೆಸರು; ಅದನ್ನು ಕಾವಲಿಗಿಟ್ಟುಕೊಳ್ಳದೆ ಮುಂದಕ್ಕೆ ತಂದು ಎದುರಾಳಿಯನ್ನು ಬೆದರಿಸುವ ಆಟಕ್ಕೆ ‘ಎತ್ತರದ ಹಾರುವ ರಥ’ ಎನ್ನುತ್ತಾರೆ. ಅದೇ ಮೂರು ಅಕ್ಷರಗಳು ಎತ್ತರದಲ್ಲಿ ಹಾರುವ ಈ ಬಂಡಿಗೂ ಹೊಂದಿಕೊಂಡಿವೆ. ಹೆಸರಿಟ್ಟವರಿಗೆ ಒಂದು ನಮಸ್ಕಾರ ಹಾಕಬೇಕು.

ಇನ್ನೊಂದರ ಹೆಸರು ‘ಏ ಜಾ ನಾಯ್ ಕಾ’. 1867ರಲ್ಲಿ, ಶೋಗುನರೆಂಬ ಸೇನಾಧಿಪತಿಗಳ ಆಳ್ವಿಕೆ ಕುಸಿಯುತ್ತಿದ್ದ ಕಾಲದಲ್ಲಿ, ಜನ ಬೀದಿಗಿಳಿದು ವೇಷ ಕಟ್ಟಿಕೊಂಡು ಇದೇ ಮಾತನ್ನು ಕೂಗುತ್ತ ಮೈಮರೆತು ಕುಣಿದಿದ್ದರೆಂದು ಇತಿಹಾಸ ಹೇಳುತ್ತದೆ. ‘ಆಗಲಿ ಬಿಡಿ, ಏನೀಗ?’ ಎಂಬಂಥ ಮಾತು. 2006ರಲ್ಲಿ ಶುರುವಾದ ಈ ಕೋಸ್ಟರಿನಲ್ಲಿ ಆಸನಗಳು ಹಳಿಯ ಎರಡೂ ಬದಿಗೆ ರೆಕ್ಕೆಯಂತೆ ಚಾಚಿಕೊಂಡಿವೆ. ಬಂಡಿ ಓಡುವಾಗ ಆಸನವೂ ತನ್ನಷ್ಟಕ್ಕೆ ಗಿರಗಿರನೆ ತಿರುಗುತ್ತದೆ. ಕಾಲು ಜೋತಾಡುವುದರಿಂದ ಹತ್ತುವ ಮೊದಲು ಚಪ್ಪಲಿ, ಬೂಟುಗಳನ್ನು ಕಳಚಬೇಕು. ನಮ್ಮ ತಂಡದ ಅತಿ ಕಿರಿಯಳಾದ, ಏಪ್ರಿಲ್‌ನಲ್ಲಷ್ಟೇ ಕೆಲಸಕ್ಕೆ ಸೇರಿದ ಹುಡುಗಿ ಅದರಿಂದ ಇಳಿದು ಬಂದವಳು ಬೆಂಚಿನ ಬಳಿ ನಿಂತು ತನ್ನ ಚೀಲವನ್ನು ತೆಗೆದುಕೊಳ್ಳದೆ ಪಕ್ಕದ ಚೀಲವನ್ನು ತೆರೆದಳು, ಅದರಲ್ಲಿದ್ದ ಬೇರೆಯವರ ನೀರು ಕುಡಿದಳು, ಮುಚ್ಚಳ ತಿರುಗಿಸಿ ಹಾಕಿ, ನಮಗಿಬ್ಬರಿಗೂ ತಲೆಬಾಗಿ ವಂದಿಸಿ, ಬಂದ ದಾರಿಯಲ್ಲೇ ಮತ್ತೆ ಅದೇ ಸಾಲಿಗೆ ಹೋದಳು. ಅಷ್ಟೂ ಹೊತ್ತು ಒಂದು ಮಾತೂ ಆಡಲಿಲ್ಲ. ಅವಳ ಎಡಗಾಲಿನ ಬೂಟಿನ ದಾರ ಕಟ್ಟಿರಲಿಲ್ಲ.

ವಿಭಾಗದ ಮುಖ್ಯಸ್ಥರ ವಿಷಯ ಬೇರೆ. ಕಚೇರಿಯಲ್ಲಿ ಅವರ ಒಂದು ಕೂದಲೂ ಅಲುಗಿದ್ದನ್ನು ನಾವು ಕಂಡಿಲ್ಲ. ಕೋಸ್ಟರಿನಿಂದ ಇಳಿದು ಬಂದಾಗ ಅದೆಲ್ಲ ಕೋಳಿಯ ಜುಟ್ಟಿನಂತೆ ಎದ್ದು ನಿಂತಿತ್ತು. ಅದನ್ನು ಹೇಳುವವರು ಯಾರು? ಊಟ ಮುಗಿಯುವವರೆಗೂ ಅವರು ಹಾಗೆಯೇ ಓಡಾಡಿದರು. ನನ್ನ ಊಟ ಹುಳಿ ಉಪ್ಪಿನಕಾಯಿ ಪ್ಲಮ್ ಹುದುಗಿಸಿದ ಎರಡು ಅನ್ನದುಂಡೆ. ಫುಜಿಯೋಶಿದಾದ ದಪ್ಪ, ಗಡುಸು ಊದೋನ್ ಎಂಬ ಗೋಧಿ ಶಾವಿಗೆ ಹೆಸರುವಾಸಿಯೆಂದು ಹಿರಿಯರು ಆಸೆ ಹುಟ್ಟಿಸಿದರೂ ಅದರ ಸಾರಿಗೆ ಮೀನಿನ ರಸ ಸೇರುವುದರಿಂದ ನಾನು ಆವಿಯ ವಾಸನೆಗಷ್ಟೇ ತೃಪ್ತನಾದೆ.

ಮಧ್ಯಾಹ್ನ ಗಾಳಿ ಎದ್ದಿತು. ಸುಮಾರು 800 ಮೀಟರ್ ಎತ್ತರದ ಊರು, ಮೇಲೆ ಬೋಳು ಪರ್ವತ. ಗಾಳಿಗೆ ಇಲ್ಲಿ ಹೇಳುವವರು ಕೇಳುವವರಿಲ್ಲ. ಫುಜಿಯಾಮಾವನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ ಎಂದು ಧ್ವನಿವರ್ಧಕ ಹೇಳಿದಾಗ ನಮ್ಮ ಎರಡು ಗುಂಪುಗಳು ಅದರ ಸಾಲಿನಲ್ಲಿ ಒಂದು ಗಂಟೆಗೂ ಮೀರಿ ನಿಂತಿದ್ದವು. ಯಾರೂ ಗೊಣಗಲಿಲ್ಲ; ಸಾಲು ಹಿಂದಿನಿಂದ ಕರಗುತ್ತ ಬಂದು ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಆದರೆ ನಮ್ಮ ಕಾಂಜಿಯ ಮುಖ ನೋಡುವಂತಿರಲಿಲ್ಲ. ಪುಸ್ತಿಕೆಯಲ್ಲಿ ‘13:20, ಫುಜಿಯಾಮಾ, ಎಲ್ಲರೂ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಗಾಳಿ ಬೀಸಿದ್ದು ತಮ್ಮದೇ ತಪ್ಪೆಂಬಂತೆ ಅವರು ಗುಂಪು ಗುಂಪಿಗೂ ಹೋಗಿ ತಲೆ ತಗ್ಗಿಸಿ ಕ್ಷಮೆ ಕೇಳಿದರು. ಆಮೇಲೆ ಎಲ್ಲರನ್ನೂ ಸೆನ್ರಿತ್ಸು ಮೇಕ್ಯೂ ಎಂಬ ದೆವ್ವದ ಆಸ್ಪತ್ರೆಗೆ ಕಳಿಸಿದರು. ಪಾಳುಬಿದ್ದ ಆಸ್ಪತ್ರೆಯಂತೆ ಕಟ್ಟಿದ, 900 ಮೀಟರ್ ನಡೆಯಬೇಕಾದ ಕತ್ತಲ ದಾರಿಯದು. ದಾಟಲು ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಬೇಕು. ಸಾಕಪ್ಪಾ ಎನ್ನುವವರಿಗೆ ನಡುವೆಯೇ ಹೊರಬರುವ ಬಾಗಿಲುಗಳಿವೆ. 130 ಕಿಲೋಮೀಟರ್ ವೇಗಕ್ಕೆ ಅಂಜದ ನಮ್ಮ ಮುಖ್ಯಸ್ಥರು ಮೊದಲ ಬಾಗಿಲಲ್ಲೇ ಹೊರಬಂದರು.

ಮೂರು ಗಂಟೆಯ ಹೊತ್ತಿಗೆ ಗಾಳಿ ತಗ್ಗಿ, ಟಕ್ ಟಕ್ ಮತ್ತೆ ಕೇಳತೊಡಗಿತು. ಎಲ್ಲರನ್ನೂ ಸಾಲಿಗೆ ಸೇರಿಸಿದ ಕಾಂಜಿ ನಮ್ಮ ಬೆಂಚಿಗೆ ಬಂದು, ‘ಇನ್ನು ನಾನು ನೋಡಿಕೊಳ್ಳುತ್ತೇನೆ, ನೀವಿಬ್ಬರೂ ಗೋಪುರಕ್ಕೆ ಹೋಗಿಬನ್ನಿ’ ಎಂದರು. ಫುಜಿಯಾಮಾದ ಹಳಿಗಳ ಪಕ್ಕದಲ್ಲೇ 2021ರಲ್ಲಿ ತೆರೆದ, 55 ಮೀಟರ್ ಎತ್ತರದ ವೀಕ್ಷಣಾ ಗೋಪುರವೊಂದಿದೆ.

‘ನೀವು ಬೆಳಗಿನಿಂದ ಯಾವುದನ್ನೂ ಹತ್ತಲಿಲ್ಲವಲ್ಲ, ಸಾಲಿನಲ್ಲಿ ನಿಮ್ಮವರಿದ್ದಾರೆ, ಹೋಗಿ’ ಎಂದೆ ನಾನು.

ಅವರು ಚೀಲಗಳನ್ನು ಎಣಿಸುವವರಂತೆ ನಟಿಸಿದರು. ಆಮೇಲೆ ಬಹಳ ಮೆಲ್ಲಗೆ, ‘ನಿಜ ಹೇಳಬೇಕೆಂದರೆ, ನನಗೂ ನಿಗಾತೆ’ ಎಂದರು. ಕಾಂಜಿಯಾದರೆ ಓಡಾಟದಲ್ಲೇ ಹೊತ್ತು ಹೋಗುತ್ತದೆ, ಹತ್ತು ಎಂದು ಯಾರೂ ಹೇಳುವುದಿಲ್ಲ. ಮತದಾನದಲ್ಲಿ ಈ ಉದ್ಯಾನ ಗೆಲ್ಲುವ ಸೂಚನೆ ಸಿಕ್ಕಿದ ಕೂಡಲೇ ಅವರು ಈ ವರ್ಷದ ಕಾಂಜಿತನಕ್ಕೆ ಕೈ ಎತ್ತಿದ್ದರಂತೆ. ಹಿರಿಯರಿಗೆ ಇದರಿಂದ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. ‘1996ರ ಕಾಂಜಿಯೂ ಹತ್ತಿರಲಿಲ್ಲ’ ಎಂದರು.

ಗೋಪುರದ ಮೇಲೆ ಚಳಿ ಕೊರೆಯುತ್ತಿತ್ತು. ಫುಜಿಗೆ ಅಷ್ಟರಲ್ಲಿ ಸೊಂಟದ ಸುತ್ತ ಮೋಡ ಕಟ್ಟಿದ್ದರಿಂದ ಹಿಮದ ತುದಿ ಮಾತ್ರ ಬೇರೆಯಾಗಿ ತೇಲುತ್ತಿತ್ತು. ಹಿರಿಯರು ಅದರ ಕಡೆಗೆ ಬೆನ್ನು ಮಾಡಿ ಕಂಬಿ ಹಿಡಿದು ಹಳಿಯನ್ನೇ ನೋಡುತ್ತಿದ್ದರು. ಅಂದು ತುದಿಯಲ್ಲಿ ಸದ್ದು ನಿಂತಾಗ ಎಲ್ಲರೂ ಫುಜಿಯನ್ನು ನೋಡಿದರಂತೆ; ಇವರು ಕಣ್ಣು ಮುಚ್ಚಿಕೊಂಡಿದ್ದರಂತೆ. ‘ಜಗತ್ತಿನ ಅತಿ ಎತ್ತರದ ಕೋಸ್ಟರಿನಲ್ಲಿ ಕೂತೂ ನೋಡಲಿಲ್ಲ ನೋಡಿ’ ಎಂದರು. ಅಷ್ಟರಲ್ಲಿ ನಮ್ಮವರ ಬಂಡಿ ಏರಿ ಬಂತು. ಮುಂದಿನ ಸಾಲಿನಲ್ಲಿ ಆ ಕಿರಿಯ ಹುಡುಗಿ ಎರಡೂ ಕೈ ಎತ್ತಿ ಕೂತಿದ್ದಳು, ಅವಳ ಪಕ್ಕದಲ್ಲಿ ಮುಖ್ಯಸ್ಥರ ಜುಟ್ಟು. ಬಂಡಿ ತುದಿ ದಾಟಿ ಮರೆಯಾದ ಮೇಲೂ ಹಿರಿಯರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ತಿರುಗಿ, ಮೋಡದ ಮೇಲೆ ಉಳಿದಿದ್ದ ಬಿಳಿಯ ತುದಿಯನ್ನು ನಿಧಾನವಾಗಿ ನೋಡಿದರು.

ವಾಪಸು ಬರುವಾಗ ಕೊಬೊತೊಕೆ ಸುರಂಗದ ಮುಂದೆ, ವಾರಾಂತ್ಯದ ಸಂಜೆಗಳಲ್ಲಿ ಯಾವಾಗಲೂ ಆಗುವಂತೆ, ವಾಹನಗಳು ಕಣ್ಣು ಹಾಯುವಷ್ಟು ದೂರ ನಿಂತಿದ್ದವು. ಕೊಬೊತೊಕೆ ಎಂದರೆ ಪುಟ್ಟ ಬುದ್ಧ. ಸಹನೆಯ ಪರೀಕ್ಷೆಗೆ ತಕ್ಕ ಹೆಸರೇ! ಬಸ್ಸಿನ ತುಂಬ ನಿದ್ದೆ. ಕಾಂಜಿ ಮಾತ್ರ ತಲೆಯ ಮೇಲಿನ ಪುಟ್ಟ ದೀಪದಡಿ ಕೂತು ರಸೀದಿಗಳನ್ನು ಕೂಡಿಸಿ, ಉಳಿದ ಹಣವನ್ನು ಇಪ್ಪತ್ತನಾಲ್ಕು ಪಾಲು ಮಾಡಿ ಲಕೋಟೆಗಳಿಗೆ ಹಾಕುತ್ತಿದ್ದರು. ನನ್ನ ಪಾಲಿಗೆ 312 ಯೆನ್ ಬಂದಿತ್ತು. ಎರಡು ಒಂದು ಯೆನ್‌ನ ನಾಣ್ಯಗಳೂ ಸೇರಿ ಲೆಕ್ಕ ಚೊಕ್ಕವಾಗಿತ್ತು.

ಲಕೋಟೆಯ ಜೊತೆಗೆ ಮುಂದಿನ ವರ್ಷದ ಹೊಣೆಗಾರಿಕೆಯ ಹಾಳೆಯೂ ಕೈಯಿಂದ ಕೈಗೆ ಬಂತು. ಕಾಂಜಿಯ ಜಾಗ ಖಾಲಿಯಿತ್ತು, ಊರಿನ ಜಾಗವೂ ಖಾಲಿಯಿತ್ತು. ನಿಮೊತ್ಸುಬಾನ್ ಎಂಬುದರ ಎದುರು ಹಿರಿಯರ ಹೆಸರು, ಅದರ ಕೆಳಗೆ ನನ್ನ ಹೆಸರು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಬೇಕಾದರೆ ಅಳಿಸಬಹುದಾದಷ್ಟು ತೆಳುವಾಗಿ, ಮೂರನೆಯ ಹೆಸರೊಂದಿತ್ತು. ನಾನು ಪೆನ್ನು ತೆಗೆದು ಅದರ ಮೇಲೆ ತಿದ್ದಿ, ಹಾಳೆಯನ್ನು ಹಿಂದಿನ ಸೀಟಿಗೆ ದಾಟಿಸಿದೆ.